ಕೇಳಬೇಕೋ, ನೋಡಬೇಕೋ, ಪ್ರಯೋಗ ಮಾಡಬೇಕೋ: ಮನೋವಿಜ್ಞಾನದ ಮೊದಲ ಪ್ರಾಜೆಕ್ಟ್‌ಗೆ ವಿಧಾನ ಆರಿಸುವುದು ಹೇಗೆ?

ಮನೋವಿಜ್ಞಾನ ಓದಲು ಶುರು ಮಾಡಿದ ಹೊಸತರಲ್ಲಿ ಒಂದು ಪುಟ್ಟ ಸಂಶೋಧನೆ ಮಾಡಿ ತರಲು ಹೇಳಿದ್ದರು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಹತ್ತು ಪ್ರಶ್ನೆ ಬರೆದೆ, ಗೊತ್ತಿದ್ದವರಿಗೆಲ್ಲ ಕಳಿಸಿದೆ, ನಲವತ್ತು ಉತ್ತರ ಬಂತು, ಶೇಕಡಾವಾರು ಲೆಕ್ಕ ಹಾಕಿ ಬಣ್ಣದ ಚಾರ್ಟ್ ಬಿಡಿಸಿದೆ. ಓದುವಾಗ ಮೊಬೈಲ್ ಪಕ್ಕದಲ್ಲಿದ್ದರೆ ಓದಿದ್ದು ನೆನಪಿನಲ್ಲಿ ಉಳಿಯುವುದಿಲ್ಲವೇ? ಇದು ನನ್ನ ವಿಷಯ. ಮೂರನೇ ಪ್ರಶ್ನೆ ಹೀಗಿತ್ತು: "ಮೊಬೈಲ್‌ನಿಂದ ನಿಮ್ಮ ಓದು ಎಷ್ಟರ ಮಟ್ಟಿಗೆ ಹಾಳಾಗಿದೆ?" ಹಾಳಾಗಿಯೇ ಇದೆ ಅಂತ ಮೊದಲೇ ತೀರ್ಪು ಕೊಟ್ಟು, ಎಷ್ಟು ಅಂತ ಮಾತ್ರ ಕೇಳಿದ್ದೆ.

ಮೇಷ್ಟ್ರು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದಿದ್ದರು: "ಇದರಲ್ಲಿ ನೆನಪನ್ನು ಅಳೆದದ್ದು ಎಲ್ಲಿ?"

ಎಲ್ಲೂ ಅಳೆದಿರಲಿಲ್ಲ. ತಮ್ಮ ನೆನಪಿನ ಬಗ್ಗೆ ನಲವತ್ತು ಜನರಿಗೆ ಏನನ್ನಿಸುತ್ತದೆ ಅನ್ನುವುದನ್ನು ಅಳೆದಿದ್ದೆ. ಅದು ಬೇರೆ ವಿಷಯ. ಪ್ರಶ್ನೆ ಒಂದು, ವಿಧಾನ ಇನ್ನೊಂದರದ್ದು. ಹೊಸಬರ ಪ್ರಾಜೆಕ್ಟ್‌ಗಳು ಕೆಡುವುದು ಹೆಚ್ಚಾಗಿ ಇಲ್ಲೇ. ಯಾವ ವಿಧಾನ ಸುಲಭವೋ ಅದನ್ನು ಮೊದಲು ಹಿಡಿಯುತ್ತೇವೆ, ಆಮೇಲೆ ಪ್ರಶ್ನೆಯನ್ನು ಅದಕ್ಕೆ ತುರುಕುತ್ತೇವೆ.

ಎಲ್ಲ ವಿಧಾನಕ್ಕೂ ನಮ್ಮನ್ನು ಏಮಾರಿಸುವ ತನ್ನದೇ ದಾರಿ ಇದೆ. ಹಾಗಾಗಿ ಯಾವುದು ಒಳ್ಳೆಯದು ಅಂತ ಕೇಳಿ ಪ್ರಯೋಜನವಿಲ್ಲ. ಯಾವುದರ ಕೊರತೆ ನಮ್ಮ ಪ್ರಶ್ನೆಗೆ ಅಷ್ಟಾಗಿ ತಟ್ಟುವುದಿಲ್ಲ ಅಂತ ಕೇಳಿಕೊಳ್ಳಬೇಕು. ಕೆಳಗೆ ಆ ಮೊಬೈಲ್ ಪ್ರಶ್ನೆಯನ್ನೇ ಹಿಡಿದುಕೊಂಡು ಹೋಗುತ್ತೇನೆ.

ಪ್ರಶ್ನೆಯಲ್ಲಿ "ಇಂದ" ಇದೆಯಾ?

ಮೊದಲು ನಿಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಆಮೇಲೆ ಅದರ ವ್ಯಾಕರಣ ನೋಡಿ. ತಮಾಷೆ ಅಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

"ಎಷ್ಟು ಜನ ಮೊಬೈಲ್ ಪಕ್ಕದಲ್ಲಿಟ್ಟುಕೊಂಡು ಓದುತ್ತಾರೆ?" ಇದಕ್ಕೆ ಸಮೀಕ್ಷೆ ಸಾಕು. "ಓದಲು ಕೂತವರು ಮೊಬೈಲ್ ಜೊತೆ ನಿಜವಾಗಿ ಏನು ಮಾಡುತ್ತಾರೆ?" ಇದಕ್ಕೆ ಅವಲೋಕನ ಬೇಕು, ಅಂದರೆ ಕೂತು ನೋಡಬೇಕು. "ಮೊಬೈಲ್ ಬಳಕೆ ಜಾಸ್ತಿ ಇರುವವರ ಅಂಕ ಕಡಿಮೆ ಇರುತ್ತದಾ?" ಇದು ಸಹಸಂಬಂಧದ, ಅಂದರೆ ಎರಡರ ನಡುವಿನ ನಂಟಿನ ಪ್ರಶ್ನೆ. "ಮೊಬೈಲ್‌ನಿಂದ ನೆನಪು ಕುಗ್ಗುತ್ತದಾ?" ಇಲ್ಲಿ "ಇಂದ" ಬಂತು. ಇದಕ್ಕೆ ಪ್ರಯೋಗ ಬೇಕು.

ವಿಭಕ್ತಿ ಕಾಣದಿದ್ದರೆ ಕ್ರಿಯಾಪದ ನೋಡಿ. "ಕುಗ್ಗುತ್ತದೆ" ಬೇರೆ, "ಕುಗ್ಗಿಸುತ್ತದೆ" ಬೇರೆ. ನಡುವೆ ಸೇರಿದ ಆ "ಇಸು" ಭಾರಿ ಹೊಣೆ ಹೊತ್ತುಕೊಂಡಿದೆ. ಹೆಚ್ಚಿಸುತ್ತದೆ, ಕೆಡಿಸುತ್ತದೆ, ಬೆಳೆಸುತ್ತದೆ ಅಂತ ಬರೆದ ಕೂಡಲೇ ಕಾರಣ ನನಗೆ ಗೊತ್ತು ಅಂತ ಹೇಳಿದ ಹಾಗಾಯಿತು. ಸುದ್ದಿಯಲ್ಲಿ ಬರುವ "ಸಂಶೋಧನೆ ಹೇಳುತ್ತದೆ" ಶೀರ್ಷಿಕೆಗಳನ್ನೂ ಇದೇ ಕಣ್ಣಿನಲ್ಲಿ ನೋಡಿ. ಸಂಶೋಧಕರು "ಜೊತೆ" ಅಂದಿರುತ್ತಾರೆ, ಶೀರ್ಷಿಕೆ ಬರೆದವರು "ಇಂದ" ಮಾಡಿರುತ್ತಾರೆ.

ಒಬ್ಬರ ಕಥೆಯೋ, ನೂರು ಜನರ ಲೆಕ್ಕವೋ?

"ನನ್ನ ಗೆಳೆಯ ಮೊಬೈಲ್ ಬಿಟ್ಟ, ಅಂಕ ಜಾಸ್ತಿ ಬಂತು." ಇಂಥ ಕಥೆಗೆ ಎಷ್ಟು ಬೆಲೆ ಕೊಡಬೇಕು? ಒಬ್ಬರನ್ನು ಆಳವಾಗಿ ನೋಡುವ ಕೇಸ್ ಸ್ಟಡಿಯನ್ನು ಪಠ್ಯಪುಸ್ತಕಗಳು ಸ್ವಲ್ಪ ಕೀಳಾಗಿ ನೋಡುತ್ತವೆ ಅಂತ ನನ್ನ ಅನಿಸಿಕೆ. ಅದು ಅನ್ಯಾಯ.

1953ರಲ್ಲಿ ಹೆನ್ರಿ ಮೊಲೈಸನ್ ಅನ್ನುವ 27 ವರ್ಷದ ಯುವಕನಿಗೆ ಮೂರ್ಛೆರೋಗ ನಿಲ್ಲಿಸಲು ಮಿದುಳಿನ ಶಸ್ತ್ರಚಿಕಿತ್ಸೆ ಆಯಿತು. ಮಿದುಳಿನ ಎರಡೂ ಕಡೆ ಇರುವ ಹಿಪೊಕ್ಯಾಂಪಸ್ ಅನ್ನುವ ಭಾಗದಲ್ಲಿ ದೊಡ್ಡ ಪಾಲು ತೆಗೆದರು. ಆಮೇಲೆ ಆತನಿಗೆ ಹೊಸದು ಯಾವುದೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಗೆ ಒಂದು ಕೆಲಸ ಕೊಟ್ಟರು. ಕೈಯನ್ನು ನೇರವಾಗಿ ನೋಡುವಂತಿಲ್ಲ, ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಮಾಡಿ ನೋಡಿ, ಕೈ ತಪ್ಪು ದಿಕ್ಕಿಗೇ ಓಡುತ್ತದೆ. ಮೊಲೈಸನ್ ಮೂರು ದಿನ ಮಾಡಿದ. ದಿನದಿಂದ ದಿನಕ್ಕೆ ಕೈ ಪಳಗಿತು. ಆದರೆ ಈ ಕೆಲಸವನ್ನು ಹಿಂದೆ ಮಾಡಿದ್ದೇನೆ ಅನ್ನುವುದೇ ಅವನಿಗೆ ನೆನಪಿರಲಿಲ್ಲ. ಕೈಗೆ ನೆನಪಿತ್ತು, ಅವನಿಗೆ ಇರಲಿಲ್ಲ. ನೆನಪು ಅನ್ನುವುದು ಒಂದೇ ವಸ್ತು ಅನ್ನುವ ನಂಬಿಕೆ ಅಲ್ಲಿಗೆ ಮುರಿದುಬಿತ್ತು. ಅದಕ್ಕೆ ಸಾವಿರ ಜನ ಬೇಕಾಗಿರಲಿಲ್ಲ.

ಹೀಗೂ ಆಗಬಹುದು ಅಂತ ತೋರಿಸಲು ಒಬ್ಬರು ಸಾಕು. ಎಲ್ಲರಿಗೂ ಹೀಗೇ ಅಂತ ಹೇಳಲು ಸಾಲದು. ಇನ್ನೊಂದು ತೊಂದರೆಯೂ ಇದೆ. ಒಬ್ಬರ ಕಥೆ ಬಾಯಿಂದ ಬಾಯಿಗೆ ಹೋಗುತ್ತಾ ಬೆಳೆಯುತ್ತದೆ. 1848ರಲ್ಲಿ ಕಬ್ಬಿಣದ ಸಲಾಕೆ ತಲೆ ತೂರಿಹೋದರೂ ಬದುಕಿದ ಫಿನಿಯಸ್ ಗೇಜ್ ಗೊತ್ತಲ್ಲ? ಆಮೇಲೆ ಆತ ಯಾವ ಕೆಲಸಕ್ಕೂ ಬಾರದವನಾದ ಅಂತ ಎಷ್ಟೋ ಕಡೆ ಬರೆದಿದ್ದಾರೆ. ಅದೇ ಗೇಜ್ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದ.

ಗೆಳೆಯನ ಕಥೆಯನ್ನು ಬಿಸಾಡಬೇಡಿ. ಅದರಿಂದ ಪ್ರಶ್ನೆ ಹುಟ್ಟುತ್ತದೆ. ಉತ್ತರ ಮಾತ್ರ ಅಲ್ಲಿ ಹುಡುಕಬೇಡಿ.

ಕೇಳುವುದೋ, ನೋಡುವುದೋ?

ಸಮೀಕ್ಷೆ ಅಗ್ಗ, ಬೇಗ ಮುಗಿಯುತ್ತದೆ, ಜನರ ಮನಸ್ಸಿನೊಳಗಿರುವುದನ್ನು ತಿಳಿಯಲು ಬೇರೆ ದಾರಿಯೂ ಕಡಿಮೆ. ಅಭಿಪ್ರಾಯ, ಭಯ, ಆಸೆ ಇವೆಲ್ಲ ಕೇಳಿಯೇ ಗೊತ್ತಾಗಬೇಕು. ಎಡವುವುದು ಎರಡು ಕಡೆ: ಯಾರನ್ನು ಕೇಳಿದಿರಿ, ಹೇಗೆ ಕೇಳಿದಿರಿ.

ಯಾರನ್ನು ಅನ್ನುವುದಕ್ಕೆ 1936ರ ಅಮೆರಿಕದ ಚುನಾವಣೆ ಹಳೆಯ ಉದಾಹರಣೆ, ಆದರೆ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಕಾರ್ಡ್ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂತು. ಅಧ್ಯಕ್ಷ ರೂಸ್‌ವೆಲ್ಟ್ ಸೋತು ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಪತ್ರಿಕೆ ಹೇಳಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ವಿಳಾಸಗಳನ್ನು ತೆಗೆದದ್ದು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಅವೆರಡೂ ಇದ್ದವರು ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಮೇಲಾಗಿ ಕಾರ್ಡ್ ತುಂಬಿ ವಾಪಸ್ ಕಳಿಸುವ ಹುಮ್ಮಸ್ಸು ಇದ್ದವರದ್ದು ಮಾತ್ರ ಲೆಕ್ಕಕ್ಕೆ ಬಂತು. ಅದೇ ವರ್ಷ ಜಾರ್ಜ್ ಗ್ಯಾಲಪ್ ಇದಕ್ಕಿಂತ ಎಷ್ಟೋ ಚಿಕ್ಕ ಸ್ಯಾಂಪಲ್ ಇಟ್ಟುಕೊಂಡು ಸರಿಯಾಗಿ ಹೇಳಿದ್ದರು. ನನ್ನ ನಲವತ್ತು ಉತ್ತರಗಳೂ ಡೈಜೆಸ್ಟ್‌ನ ಚಿಕ್ಕ ತಮ್ಮಂದಿರೇ. ನನ್ನ ಗೆಳೆಯರು, ಅದರಲ್ಲೂ ಮೊಬೈಲ್ ಕೈಯಲ್ಲೇ ಇದ್ದು ಕೂಡಲೇ ಉತ್ತರ ಕೊಟ್ಟವರು. ವಿಷಯ ಮೊಬೈಲ್ ಅಂದ ಮೇಲೆ ಇದಕ್ಕಿಂತ ಕೆಟ್ಟ ಆಯ್ಕೆ ಉಂಟಾ?

ಹೇಗೆ ಕೇಳಿದಿರಿ ಅನ್ನುವುದಕ್ಕೆ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಮಾಡಿದ ಕೆಲಸ ನೋಡಿ. ಎಲ್ಲರಿಗೂ ಕಾರು ಅಪಘಾತದ ಒಂದೇ ತುಣುಕುಗಳನ್ನು ತೋರಿಸಿದರು. ಕೆಲವರಿಗೆ "ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು" ಅನ್ನುವ ಥರ ಕೇಳಿದರು, ಕೆಲವರಿಗೆ "ತಾಗಿದಾಗ" ಅನ್ನುವ ಥರ. ಮೊದಲಿನವರ ಸರಾಸರಿ ಅಂದಾಜು ಗಂಟೆಗೆ ಸುಮಾರು 41 ಮೈಲಿ, ಎರಡನೆಯವರದ್ದು ಸುಮಾರು 32. ಕಣ್ಣಾರೆ ಕಂಡದ್ದು ಒಂದೇ, ಬದಲಾದದ್ದು ಒಂದು ಕ್ರಿಯಾಪದ. ಒಂದು ಪದಕ್ಕೆ ಒಂಬತ್ತು ಮೈಲಿ ಅಂದರೆ, ನನ್ನ "ಹಾಳಾಗಿದೆ"ಗೆ ಎಷ್ಟು?

ಹಾಗಾದರೆ ಕೇಳುವುದನ್ನು ಬಿಟ್ಟು ನೋಡೋಣವೇ? ಜನ ಹೇಳುವುದಕ್ಕೂ ಮಾಡುವುದಕ್ಕೂ ದೂರ ಇರುವ ವಿಷಯದಲ್ಲಿ ನೋಡುವುದೇ ಮೇಲು. ಗ್ರಂಥಾಲಯದ ಮೂಲೆಯಲ್ಲಿ ಕೂತು, ಐದು ನಿಮಿಷಕ್ಕೊಮ್ಮೆ ತಲೆ ಎತ್ತಿ, ಎಷ್ಟು ಜನ ಮೊಬೈಲ್ ನೋಡುತ್ತಿದ್ದಾರೆ ಅಂತ ಎಣಿಸಬಹುದು. ಕೇಳಲು ಸುಲಭ. ಶುರು ಮಾಡಿದ ಹತ್ತೇ ನಿಮಿಷಕ್ಕೆ ತಲೆನೋವು ಹತ್ತುತ್ತದೆ. ಟೈಮ್ ನೋಡಲು ಮೊಬೈಲ್ ತಿರುಗಿಸಿದರೆ ಅದು "ನೋಡಿದ್ದು" ಆಯಿತಾ? ಅದರಲ್ಲೇ ಪಾಠದ ಪಿಡಿಎಫ್ ಓದುತ್ತಿದ್ದರೆ? ಕೈಯಲ್ಲಿ ಹಿಡಿದು ಕಿಟಕಿ ಕಡೆ ನೋಡುತ್ತಿದ್ದರೆ? ಇದನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳಬೇಕು. ಆಮೇಲೆ ಇಬ್ಬರು ಬೇರೆ ಬೇರೆ ಕೂತು, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ ಎಣಿಸಬೇಕು. ಲೆಕ್ಕ ತಾಳೆಯಾದರೆ ನಿಮ್ಮ ನಿಯಮ ಗಟ್ಟಿ. ಆಗದಿದ್ದರೆ ದೋಷ ಕಣ್ಣಿನದ್ದಲ್ಲ, ನಿಯಮದ್ದು.

ನೋಡುವವರ ಇನ್ನೊಂದು ಕಾಯಿಲೆಗೆ ಒಂದು ಕುದುರೆ ಸಾಕ್ಷಿ. ಜರ್ಮನಿಯ ಹಾನ್ಸ್ ಅನ್ನುವ ಕುದುರೆ ಕಾಲಿನ ಗೊರಸು ಬಡಿದು ಕೂಡಿ ಕಳೆಯುವ ಲೆಕ್ಕಕ್ಕೆ ಉತ್ತರ ಹೇಳುತ್ತಿತ್ತು. ಪರೀಕ್ಷಿಸಲು ಬಂದ ಸಮಿತಿಗೂ ಮೋಸ ಏನೂ ಕಾಣಲಿಲ್ಲ. 1907ರಲ್ಲಿ ಆಸ್ಕರ್ ಫಂಗ್‌ಸ್ಟ್ ಬಗೆದು ನೋಡಿದರು. ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್ ತಪ್ಪುತ್ತಿತ್ತು. ಕೇಳುವವರು ಅದರ ಕಣ್ಣಿಗೆ ಕಾಣದಿದ್ದರೂ ತಪ್ಪುತ್ತಿತ್ತು. ಸರಿಯುತ್ತರ ಹತ್ತಿರವಾದಾಗ ಜನರ ತಲೆ ಅರಿವಿಲ್ಲದೆ ಒಂಚೂರು ಅಲುಗುತ್ತಿತ್ತು, ಕುದುರೆ ಅದನ್ನು ಹಿಡಿದು ನಿಲ್ಲುತ್ತಿತ್ತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಉತ್ತರ ಗೊತ್ತಿದ್ದದ್ದೇ ತೊಂದರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಸುಮ್ನೆ ಹೇಳಿಲ್ಲ.

ಕಾಗೆ ಕೂತದ್ದೂ ಟೊಂಗೆ ಮುರಿದದ್ದೂ

ಈಗ ಕಷ್ಟದ ಆಯ್ಕೆ. ಸಹಸಂಬಂಧ ಸಾಕೋ, ಪ್ರಯೋಗವೇ ಬೇಕೋ?

ಸಹಸಂಬಂಧ ಅಂದರೆ ಎರಡು ಸಂಗತಿಗಳು ಜೊತೆಯಾಗಿ ಏರಿಳಿಯುತ್ತವೆಯೇ ಅನ್ನುವ ಲೆಕ್ಕ. ಅದರ ಸಂಖ್ಯೆ −1ರಿಂದ +1ರವರೆಗೆ ಇರುತ್ತದೆ. ಮೈನಸ್ ಅಂದರೆ ಸಂಬಂಧ ದುರ್ಬಲ ಅಂತಲ್ಲ, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ ಅಂತ. −0.7 ಅನ್ನುವುದು +0.3ಕ್ಕಿಂತ ಗಟ್ಟಿ ಸಂಬಂಧ. ಪರೀಕ್ಷೆಯಲ್ಲಿ ಇದನ್ನು ತಪ್ಪು ಬರೆಯುವವರೇ ಜಾಸ್ತಿ.

ನೂರು ಜನರ ಮೊಬೈಲ್‌ನಲ್ಲಿರುವ ಬಳಕೆಯ ಗಂಟೆ ಬರೆದುಕೊಂಡಿರಿ, ಅವರ ಅಂಕ ತೆಗೆದುಕೊಂಡಿರಿ. ಬಳಕೆ ಜಾಸ್ತಿ ಇದ್ದವರ ಅಂಕ ಕಡಿಮೆ ಬಂತು ಅನ್ನೋಣ. ಮೊಬೈಲ್ ಅಂಕ ತಿಂದಿತಾ? ಇರಬಹುದು. ಪಾಠ ತಲೆಗೆ ಹತ್ತದೆ ಬೇಜಾರಾಗಿ ಮೊಬೈಲ್ ಹಿಡಿದರಾ? ಅದೂ ಇರಬಹುದು. ರಾತ್ರಿ ನಿದ್ದೆ ಬಾರದವರು ಮೊಬೈಲನ್ನೂ ಒತ್ತುತ್ತಾರೆ, ಬೆಳಿಗ್ಗೆ ಪಾಠದಲ್ಲಿ ತೂಕಡಿಸುತ್ತಾರೆ. ಆಗ ಕಾರಣ ನಿದ್ದೆ, ಮೊಬೈಲ್ ಸುಮ್ಮನೆ ಜೊತೆಗಿದ್ದದ್ದು.

ಮೂರನೆಯ ಸಂಗತಿಯ ಕೈವಾಡ ಎಷ್ಟು ದೊಡ್ಡದಿರಬಹುದು ಅನ್ನುವುದಕ್ಕೆ ವಾಲ್ಟರ್ ಮಿಶೆಲ್ ಅವರ ಮಾರ್ಷ್‌ಮ್ಯಾಲೊ ಪರೀಕ್ಷೆ ನೋಡಿ. ಈಗಲೇ ಒಂದು ಮಿಠಾಯಿ ಬೇಕೋ, ಕಾದರೆ ಎರಡು ಬೇಕೋ? ಹೆಚ್ಚು ಹೊತ್ತು ಕಾದ ಮಕ್ಕಳು ಮುಂದೆ ಓದಿನಲ್ಲೂ ಮುಂದಿದ್ದರು ಅಂತ ಕಂಡಿತು. ಕಾಯುವುದನ್ನು ಕಲಿಸಿದರೆ ಮಕ್ಕಳು ಉದ್ಧಾರವಾಗುತ್ತಾರೆ ಅಂತ ಜಗತ್ತು ಹಬ್ಬಿಸಿತು. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಟುಕೊಂಡು ಮತ್ತೆ ನೋಡಿದಾಗ ಸಂಬಂಧ ಮೊದಲಿನದರ ಅರ್ಧದಷ್ಟೇ ಇತ್ತು. ಮನೆಯ ಸ್ಥಿತಿ, ಮಗುವಿನ ಆರಂಭದ ಬುದ್ಧಿಮಟ್ಟ ಇಂಥವನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ ಅದರಲ್ಲೂ ಮೂರರಲ್ಲಿ ಎರಡು ಪಾಲು ಕರಗಿಹೋಯಿತು.

ಪ್ರಯೋಗದ ಬಲ ಇರುವುದು ಚೀಟಿ ಎತ್ತುವುದರಲ್ಲಿ. ಅರವತ್ತು ಜನ ಬಂದರು. ಚೀಟಿ ಎತ್ತಿ ಅರ್ಧ ಜನ ಮೊಬೈಲನ್ನು ಮೇಜಿನ ಮೇಲಿಟ್ಟು ಓದುತ್ತಾರೆ, ಇನ್ನರ್ಧ ಜನ ಅದನ್ನು ಪಕ್ಕದ ಕೋಣೆಯಲ್ಲಿಟ್ಟು ಓದುತ್ತಾರೆ. ಒಂದೇ ಪಾಠ, ಇಪ್ಪತ್ತು ನಿಮಿಷ, ಆಮೇಲೆ ಹದಿನೈದು ಪ್ರಶ್ನೆ. ನಿದ್ದೆಗೆಟ್ಟವರು, ಜಾಣರು, ಸೋಮಾರಿಗಳು ಎಲ್ಲ ಎರಡೂ ಕಡೆ ಸುಮಾರಾಗಿ ಸಮನಾಗಿ ಹಂಚಿಹೋಗುತ್ತಾರೆ. ಯಾರು ನಿದ್ದೆಗೆಟ್ಟಿದ್ದಾರೆ ಅಂತ ನಮಗೆ ಗೊತ್ತಿರಬೇಕಾಗಿಯೂ ಇಲ್ಲ. ಇದೇ ಅದರ ಸೊಗಸು.

ಇಲ್ಲೂ ಸಣ್ಣ ಸಣ್ಣ ಕಳ್ಳದಾರಿಗಳಿವೆ. ಪಕ್ಕದ ಕೋಣೆಗೆ ಹೋಗಿಬಂದವರು ಎದ್ದು ನಾಲ್ಕು ಹೆಜ್ಜೆ ನಡೆದರು, ಮೈ ಚುರುಕಾಯಿತು. ಮೇಜಿನವರು ಕೂತೇ ಇದ್ದರು. ಈಗ ವ್ಯತ್ಯಾಸ ಬಂದರೆ ಅದು ಮೊಬೈಲ್‌ದೋ, ನಡಿಗೆಯದ್ದೋ? ಹಾಗಾಗಿ ಮೇಜಿನವರನ್ನೂ ಪಕ್ಕದ ಕೋಣೆಗೆ ಕಳಿಸಿ, ಬ್ಯಾಗ್ ಇಟ್ಟುಬರಲು ಹೇಳಬೇಕು. ಬದಲಾಗುವುದು ಒಂದೇ ಇರಬೇಕು, ಉಳಿದದ್ದೆಲ್ಲ ಸಮ ಇರಬೇಕು.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಯಾರನ್ನು ಕರೆಯಬೇಕು ಅಂತ ಚೀಟಿ ಎತ್ತುವುದು ಬೇರೆ, ಬಂದವರನ್ನು ಯಾವ ಗುಂಪಿಗೆ ಹಾಕಬೇಕು ಅಂತ ಚೀಟಿ ಎತ್ತುವುದು ಬೇರೆ. ಮೊದಲನೆಯದು ಫಲಿತಾಂಶ ಎಲ್ಲರಿಗೂ ಅನ್ವಯಿಸುತ್ತದೆಯೇ ಅನ್ನುವುದಕ್ಕೆ. ಎರಡನೆಯದು ಕಾರಣ ಇದೇನಾ ಅನ್ನುವುದಕ್ಕೆ. ನಿಮ್ಮ ತರಗತಿಯ ಅರವತ್ತು ಜನರನ್ನೇ ಹಿಡಿದು ಪ್ರಯೋಗ ಮಾಡಿದರೆ ಎರಡನೆಯದು ಸಿಗುತ್ತದೆ, ಮೊದಲನೆಯದು ಸಿಗುವುದಿಲ್ಲ. ವರದಿಯಲ್ಲಿ ಅದನ್ನು ನೇರವಾಗಿ ಬರೆದುಬಿಡಿ, ಮಾನ ಹೋಗುವುದಿಲ್ಲ.

ಪ್ರಯೋಗಕ್ಕೆ ಇನ್ನೊಂದು ಲಾಭ ಇದೆ: ಜನರಿಗೆ ತಮ್ಮ ಬಗ್ಗೆ ತಮಗೇ ಗೊತ್ತಿಲ್ಲದ್ದು ಅಲ್ಲಿ ಕಾಣುತ್ತದೆ. 1968ರಲ್ಲಿ ಜಾನ್ ಡಾರ್ಲೆ ಮತ್ತು ಬಿಬ್ ಲಟಾನೆ ಒಬ್ಬೊಬ್ಬರನ್ನೂ ಬೇರೆ ಕೋಣೆಯಲ್ಲಿ ಕೂರಿಸಿ ಇಂಟರ್‌ಕಾಮ್‌ನಲ್ಲಿ ಮಾತಾಡಿಸಿದರು. ನಡುವೆ ಒಬ್ಬರಿಗೆ ಮೂರ್ಛೆ ಬಂದ ಹಾಗೆ ದನಿ ಕೇಳಿಸಿತು. ಕೇಳಿಸಿಕೊಂಡವರು ತಾವೊಬ್ಬರೇ ಅಂದುಕೊಂಡವರಲ್ಲಿ ಶೇ. 85 ಜನ ಆ ದನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡವರಲ್ಲಿ ಶೇ. 31 ಮಾತ್ರ. ಬೇರೆಯವರು ಇದ್ದದ್ದರಿಂದ ಹೀಗೆ ಮಾಡಿದಿರಾ ಅಂತ ಆಮೇಲೆ ಕೇಳಿದರೆ, ಇಲ್ಲ ಅಂದರು. ಇದನ್ನು ಪ್ರಶ್ನಾವಳಿ ಹಂಚಿ ಕೇಳಿದ್ದರೆ ಆ "ಇಲ್ಲ" ಒಂದೇ ನಮಗೆ ಸಿಗುತ್ತಿತ್ತು.

ಪ್ರಯೋಗ ಮಾಡಬಾರದ ಕಡೆ

ಅಷ್ಟು ಒಳ್ಳೆಯದಾದರೆ ಎಲ್ಲದಕ್ಕೂ ಪ್ರಯೋಗವನ್ನೇ ಮಾಡಬಹುದಲ್ವಾ? ಆಗುವುದಿಲ್ಲ. ತಂದೆ ತಾಯಿಯ ಆರೈಕೆ ಸಿಗದಿದ್ದರೆ ಮಗುವಿಗೆ ಏನಾಗುತ್ತದೆ ಅಂತ ನೋಡಲು ಚೀಟಿ ಎತ್ತಿ ಮಕ್ಕಳನ್ನು ಅನಾಥರನ್ನಾಗಿ ಮಾಡಲಾದೀತೇ? 1920ರಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಒಂದು ಹಸುಳೆಗೆ ಬಿಳಿ ಇಲಿಯ ಭಯ ಹತ್ತಿಸಿದರು, ಬಿಡಿಸದೆ ಕಳಿಸಿಬಿಟ್ಟರು. ಇಂದು ಯಾವ ನೈತಿಕ ಸಮಿತಿಯೂ ಅದಕ್ಕೆ ಒಪ್ಪುವುದಿಲ್ಲ. ಇಂಥ ಕಡೆ ಸಹಸಂಬಂಧದಲ್ಲೇ ತೃಪ್ತಿಪಡಬೇಕು, ಬೇರೆ ಬೇರೆ ಕೋನದಿಂದ ಸಾಕ್ಷ್ಯ ಕೂಡಿಸಬೇಕು.

ಎಲ್ಲೋ ಅಪರೂಪಕ್ಕೆ ಬೇರೆ ದಾರಿ ಸಿಗುತ್ತದೆ. ರೊಮೇನಿಯಾದಲ್ಲಿ 2000ದಲ್ಲಿ ಶುರುವಾದ ಬುಕಾರೆಸ್ಟ್ ಅಧ್ಯಯನದಲ್ಲಿ ಅನಾಥಾಲಯದ 136 ಮಕ್ಕಳಲ್ಲಿ ಸುಮಾರು ಅರ್ಧದಷ್ಟನ್ನು ಚೀಟಿ ಎತ್ತಿ ಸಾಕುಮನೆಗಳಿಗೆ ಕಳಿಸಿದರು. ಯಾರಿಂದಲೂ ಏನನ್ನೂ ಕಿತ್ತುಕೊಳ್ಳಲಿಲ್ಲ, ಅಲ್ಲಿ ಇಲ್ಲದೇ ಇದ್ದ ಸೌಲಭ್ಯವನ್ನು ಹೊಸದಾಗಿ ಕೊಟ್ಟರು. ಅಷ್ಟಾದರೂ ಅದರ ಸರಿತಪ್ಪಿನ ಬಗ್ಗೆ ಚರ್ಚೆ ನಡೆದೇ ಇದೆ.

ನಿಮ್ಮ ಪ್ರಾಜೆಕ್ಟ್‌ಗೆ ಇದರಿಂದ ಬೇಕಾದದ್ದು ಇಷ್ಟು: ಒಪ್ಪಿಗೆ ಕೇಳಿ, ನಡುವೆ ಎದ್ದುಹೋಗಲು ಬಿಡಿ, ಏನಾದರೂ ಮುಚ್ಚಿಟ್ಟಿದ್ದರೆ ಕೊನೆಗೆ ಹೇಳಿ.

ಒಂದೇ ಸಲವೋ, ವರ್ಷಗಟ್ಟಲೆಯೋ?

ವಯಸ್ಸಿನ ಪ್ರಶ್ನೆ ಇದ್ದರೆ ಮಾತ್ರ ಈ ಆಯ್ಕೆ ಎದುರಾಗುತ್ತದೆ. ಇಪ್ಪತ್ತರವರನ್ನೂ ಎಪ್ಪತ್ತರವರನ್ನೂ ಇವತ್ತೇ ಪರೀಕ್ಷಿಸಿದರೆ ಒಂದೇ ವಾರದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಎಪ್ಪತ್ತರವರು ಬೆಳೆದ ಕಾಲವೇ ಬೇರೆ, ಓದಿದ್ದೇ ಬೇರೆ. ವ್ಯತ್ಯಾಸ ವಯಸ್ಸಿನದ್ದೋ ಕಾಲದ್ದೋ ಗೊತ್ತಾಗುವುದಿಲ್ಲ. ಅದೇ ಜನರನ್ನು ಬೆನ್ನು ಹತ್ತಿದರೆ ಗೊತ್ತಾಗುತ್ತದೆ. ಸ್ಕಾಟ್ಲೆಂಡ್‌ನಲ್ಲಿ 1932ರ ಜೂನ್ 1ರಂದು 87,498 ಮಕ್ಕಳು ಬುದ್ಧಿಪರೀಕ್ಷೆ ಬರೆದರು, ಎಲ್ಲರೂ 1921ರಲ್ಲಿ ಹುಟ್ಟಿದವರು. ಆ ಹಾಳೆಗಳು ಉಳಿದಿದ್ದವು. 1990ರ ದಶಕದ ಕೊನೆಯಲ್ಲಿ ಸಂಶೋಧಕರು ಅವರಲ್ಲಿ ಕೆಲವರನ್ನು ಹುಡುಕಿ ಅದೇ ಪರೀಕ್ಷೆ ಮತ್ತೆ ಬರೆಸಿದರು. ಹನ್ನೊಂದರಲ್ಲಿ ಮುಂದಿದ್ದವರು ಹೆಚ್ಚಿನಂಶ ಎಂಬತ್ತರ ಹತ್ತಿರವೂ ಮುಂದಿದ್ದರು. ಅಲ್ಲೂ ಒಂದು ಕೊರತೆ ಇದೆ: ಸಿಕ್ಕವರು ಬದುಕಿದ್ದವರು, ಬರಲು ಮನಸ್ಸು ಮಾಡಿದವರು. ಮೂರು ತಿಂಗಳ ಪ್ರಾಜೆಕ್ಟ್ ಇರುವವರಿಗೆ ಇದು ಕನಸಷ್ಟೇ. ಒಂದೇ ಸಲದ್ದನ್ನು ಮಾಡಿ, ಕಾಲದ ಮಾತನ್ನು ವರದಿಯಲ್ಲಿ ಒಪ್ಪಿಕೊಳ್ಳಿ.

ಬೇರೆಯವರ ಸಂಶೋಧನೆ ಓದುವಾಗ

ಎರಡು ಸಂಶೋಧನೆ ಎರಡು ಮಾತು ಹೇಳಿದರೆ ಯಾವುದನ್ನು ನಂಬಬೇಕು? ನಾನು ನೋಡುವುದು ಯಾರ ಮೇಲೆ ನಡೆಸಿದರು, ಎಷ್ಟು ಜನ, ಬೇರೆಯವರು ಮಾಡಿದಾಗಲೂ ಬಂತಾ ಅನ್ನುವುದನ್ನು. 1993ರಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್ ಸಂಗೀತ ಕೇಳಿಸಿದಾಗ, ಆಕಾರಗಳನ್ನು ಮನಸ್ಸಿನಲ್ಲಿ ತಿರುಗಿಸುವಂಥ ಲೆಕ್ಕಗಳಲ್ಲಿ ಸ್ವಲ್ಪ ಹೊತ್ತು ಅವರು ಚುರುಕಾದರು. ಆ ಪರಿಣಾಮ ಕಾಲು ಗಂಟೆಯೊಳಗೆ ಆರಿಹೋಯಿತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತ ಕೊಡಲು ಹಣ ಕೇಳಿದರು. ಪ್ರಯೋಗ ನಡೆದದ್ದು ಕಾಲೇಜಿನವರ ಮೇಲೆ, ಸಂಗೀತ ಹೊರಟದ್ದು ತೊಟ್ಟಿಲಿಗೆ.

ಮತ್ತೆ ಮಾಡಿ ನೋಡುವುದು ಎಷ್ಟು ಮುಖ್ಯ ಅಂತ 2015ರಲ್ಲಿ ಮನೋವಿಜ್ಞಾನಕ್ಕೇ ಗೊತ್ತಾಯಿತು. 100 ಅಧ್ಯಯನಗಳನ್ನು ಮರುಪ್ರಯೋಗ ಮಾಡಿದರು. ಮೂಲದಲ್ಲಿ ಶೇ. 97ರಲ್ಲಿ ಫಲಿತಾಂಶ ಗಣನೀಯ, ಅಂದರೆ ಬರೀ ಆಕಸ್ಮಿಕ ಅನ್ನಲಾಗದ್ದು, ಅಂತ ಬಂದಿತ್ತು. ಮತ್ತೆ ಮಾಡಿದಾಗ ಶೇ. 36ರಲ್ಲಿ ಮಾತ್ರ. ಕೆಲವರು ಇದನ್ನು ಹಿಡಿದು ಮನೋವಿಜ್ಞಾನವೇ ಟೊಳ್ಳು ಅಂದರು. ನನಗೆ ಹಾಗನ್ನಿಸುವುದಿಲ್ಲ. ತನ್ನ ಬೆನ್ನನ್ನು ತಾನೇ ಕನ್ನಡಿಯಲ್ಲಿ ನೋಡಿಕೊಳ್ಳುವ ಧೈರ್ಯ ಎಷ್ಟು ಶಾಸ್ತ್ರಗಳಿಗಿದೆ?

ನಮ್ಮದೇ ಊಹೆಯನ್ನೂ ಹಾಗೆ ನೋಡುವುದು ಕಷ್ಟ. 1960ರಲ್ಲಿ ಪೀಟರ್ ವೇಸನ್ 2, 4, 6 ಅನ್ನುವ ಮೂರು ಸಂಖ್ಯೆ ಕೊಟ್ಟು, ಇದರ ಹಿಂದಿನ ನಿಯಮ ಕಂಡುಹಿಡಿಯಿರಿ, ನಿಮ್ಮದೇ ಸಂಖ್ಯೆ ಹೇಳಿ, ಸರಿಯೋ ತಪ್ಪೋ ಹೇಳುತ್ತೇನೆ ಅಂದರು. ಜನ 8, 10, 12 ಅಂದರು. ಸರಿ. 20, 22, 24. ಸರಿ. ಎರಡೆರಡು ಕೂಡುತ್ತಾ ಹೋಗುವುದೇ ನಿಯಮ ಅಂದರು. ತಪ್ಪು. ಏರುತ್ತಾ ಹೋಗುವ ಯಾವ ಮೂರು ಸಂಖ್ಯೆಯೂ ಆಗುತ್ತಿತ್ತು. 1, 7, 50 ಅಂತ ಕೇಳಿದ್ದರೆ ಸಾಕಿತ್ತು. ನನ್ನ ಪ್ರಶ್ನಾವಳಿಯ ಹತ್ತೂ ಪ್ರಶ್ನೆಗಳು 8, 10, 12 ಥರದವೇ. ಮೊಬೈಲ್‌ನಿಂದ ಏನೂ ಆಗಿಲ್ಲ ಅಂತ ಹೇಳಲು ಅದರಲ್ಲಿ ಜಾಗವೇ ಇರಲಿಲ್ಲ.

ಮುಂದಿನ ವರ್ಷ ಅದೇ ಪ್ರಶ್ನೆಯನ್ನು ಪ್ರಯೋಗವಾಗಿ ಮಾಡಿದೆ. ಚೀಟಿ ಎತ್ತಿದೆ, ಎರಡೂ ಗುಂಪನ್ನು ಪಕ್ಕದ ಕೋಣೆಗೆ ಕಳಿಸಿ ಕರೆಸಿದೆ, ಹದಿನೈದು ಪ್ರಶ್ನೆ ಕೊಟ್ಟು ಒಂದೊಂದು ವಾಕ್ಯದಲ್ಲಿ ಉತ್ತರ ಬರೆಸಿದೆ. ಮೊಬೈಲ್ ಇಲ್ಲದವರು ಸ್ವಲ್ಪ ಮುಂದೆ ಬಂದರು. ಹೆಮ್ಮೆಯಿಂದ ಕೊಟ್ಟೆ. ಕೆಂಪು ಶಾಯಿ ಮತ್ತೆ ಬಂತು: "ಉತ್ತರ ತಿದ್ದಿದವರಿಗೆ ಯಾವ ಹಾಳೆ ಯಾವ ಗುಂಪಿನದು ಅಂತ ಗೊತ್ತಿತ್ತಾ?"

ಗೊತ್ತಿತ್ತು. ತಿದ್ದಿದ್ದು ನಾನೇ.